ಸಿಮ್‌800ಎಲ್ ಜಿಎಸ್‌ಎಂ ಮಾಡ್ಯೂಲ್: ಅಗ್ಗದ ಬೆಲೆಯ ಹಿಂದಿನ ಲಾಭದ ಲೆಕ್ಕ

ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕಟ್ಟಿಕೊಳ್ಳಬೇಕೆನ್ನುವವರಿಗೆ ಸಿಮ್‌800ಎಲ್ ಇಂದಿಗೂ ಕೈಗೆಟುಕುವ ಆಯ್ಕೆ. ಸಿಮ್ ಹಾಕಿ ಕರೆ, ಎಸ್‌ಎಂಎಸ್‌ಗಳನ್ನು ನಿಭಾಯಿಸಬಲ್ಲ ಬೋರ್ಡಿದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಬೋರ್ಡಿಗೆ ಕಂಪ್ಯೂಟರಿನ ಸೀರಿಯಲ್ ಮಾನಿಟರಿನಿಂದ (ಬೋರ್ಡಿನೊಡನೆ ಅಕ್ಷರಗಳಲ್ಲಿ ಸಂವಾದಿಸುವ ಕಿಟಕಿ) 'ಎಟಿ' ಎಂದು ಕಳಿಸಿದರೆ 'ಓಕೆ' ಎಂಬ ಉತ್ತರ ಬರುತ್ತದೆ.

ಆ ಎರಡಕ್ಷರದ ಆದೇಶ ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತಂದ, ಕಂಪ್ಯೂಟರಿನ ಮಾಹಿತಿಯನ್ನು ಫೋನ್ ತಂತಿಯಲ್ಲಿ ಕಳಿಸುವ ಸ್ಮಾರ್ಟ್‌ಮೋಡೆಮ್‌ನ ಬಳುವಳಿ. ಸೆಕೆಂಡಿಗೆ 1200 ಬಿಟ್ ವೇಗದ ಅದರ ಮುಂದಿನ ಮಾದರಿಗೆ 699 ಡಾಲರ್ ಬೆಲೆಯಿತ್ತು. ಆದರೆ ಸಂವಹನ ತಂತ್ರಾಂಶಗಳೆಲ್ಲ ಹೇಯ್ಸ್ ಆದೇಶಗಳನ್ನೇ ನಂಬಿಕೊಂಡ ಮೇಲೆ, ಅದೇ ಆದೇಶಗಳಿಗೆ ಓಗೊಡುವ ಮೋಡೆಮನ್ನು ಯಾರು ಮಾಡಿದರೂ ಗ್ರಾಹಕನಿಗೆ ವ್ಯತ್ಯಾಸವಿರಲಿಲ್ಲ. ರಾಕ್‌ವೆಲ್‌ನ ಸಿದ್ಧ ಚಿಪ್‌ಗಳನ್ನು ಕೊಂಡು ಜೋಡಿಸಿದರೆ ಸಾಕಾಗುತ್ತಿತ್ತು. ಹೀಗೆ ಲಾಭ ಹೇಯ್ಸ್ ಎಂಬ ಹೆಸರಿನಿಂದ ಚಿಪ್ ತಯಾರಕರತ್ತ ಸರಿಯಿತು. ಮೂರು ಪ್ಲಸ್ ಚಿಹ್ನೆಗಳ ಹಿಂದೆಮುಂದೆ ಕ್ಷಣಕಾಲ ಸುಮ್ಮನಿದ್ದರೆ ಮೋಡೆಮ್ ಆದೇಶಕ್ಕೆ ಅಣಿಯಾಗುವ ವಿಧಾನದ ಮೇಲೆ ಹೇಯ್ಸ್ ಪೇಟೆಂಟ್ ಪಡೆದು ನ್ಯಾಯಾಲಯದಲ್ಲಿ ಗೆದ್ದರೂ, 1994ರಲ್ಲಿ ದಿವಾಳಿ ರಕ್ಷಣೆ ಕೋರಬೇಕಾಯಿತು. 1999ರ ಹೊತ್ತಿಗೆ ಮುಚ್ಚಿಯೇ ಹೋಯಿತು. ದಾರಿ ಹಾಕಿದವರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ, ಆದರೆ ಇಂದಿನ ಅಗ್ಗದ ಬೆಲೆ ಬಂದದ್ದು ಅದರಿಂದಲೇ.

ಲಾಭದ ಅಂಚು ಇಷ್ಟು ತೆಳುವಾದಾಗ ಬೋರ್ಡ್ ತಯಾರಕರು ಉಳಿತಾಯ ಮಾಡುವ ಜಾಗ ಯಾವುದೆಂದು ಕೊಳ್ಳುವವರು ತಿಳಿದಿರಬೇಕು. ಈ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು, ನೆಟ್‌ವರ್ಕ್ ಹಿಡಿಯುವಾಗ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ತೀರಾ ಅಗ್ಗದ ಬೋರ್ಡುಗಳಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರೇ ಇರುವುದಿಲ್ಲ. ನಾನು ತಂದ ಬೋರ್ಡಿನಲ್ಲೂ ಇರಲಿಲ್ಲ. ಕರೆ ಬಂದೊಡನೆ ವೋಲ್ಟೇಜ್ ಕುಸಿದು ಅದು ರೀಸೆಟ್ ಆಗುತ್ತಿತ್ತು. ವಿದ್ಯುತ್ ಪಿನ್ನುಗಳಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ವೋಲ್ಟೇಜ್ ಇಳಿಸಿಕೊಡುವ ಪ್ರತ್ಯೇಕ ಬಕ್ ಕನ್ವರ್ಟರ್ ಕೊಟ್ಟ ಮೇಲೆ ಕೆಲಸ ಸ್ಥಿರವಾಯಿತು. ಸುರುಳಿ ತಂತಿಯ ಆಂಟೆನಾ ಕೂಡ ಪಂಪ್‌ಹೌಸಿನ ತಗಡಿನ ಪೆಟ್ಟಿಗೆಯೊಳಗೆ ಸಾಲದು. ಹೊರಗೆ ಕೂರಿಸುವ ಆಂಟೆನಾ ಕೊಳ್ಳುವುದು ಲೇಸು.

ಇದು 2ಜಿ ಮಾತ್ರ ಬಲ್ಲದು, ಆದ್ದರಿಂದ 2ಜಿ ಜಾಲವೇ ಇಲ್ಲದ ಜಿಯೋದ ಸಿಮ್ ನಡೆಯದು. ದೀರ್ಘಕಾಲದ ಬಳಕೆಗಾದರೆ ದುಬಾರಿಯಾದರೂ ಎ7670 ಸರಣಿಯ 4ಜಿ ಮಾಡ್ಯೂಲನ್ನೇ ಆರಿಸಿಕೊಳ್ಳಿ: ಎಸ್‌ಎಂಎಸ್ ಕಳಿಸುವ ಎಟಿ ಆದೇಶಗಳು ಅಲ್ಲಿಯೂ ಇವೇ ಆಗಿರುವುದರಿಂದ, ಈಗ ಬರೆದ ಪ್ರೋಗ್ರಾಮಿನ ಬಹುಭಾಗ ಹಾಗೆಯೇ ಉಪಯೋಗಕ್ಕೆ ಬರುತ್ತದೆ.