ವೆಬ್‌ಸೈಟ್ ಮೆನುವಿಗೆ ಒಂದು ಸಾಲು ಸೇರಿಸೋಕೆ 500 ರೂಪಾಯಿ: ನನಗಾದದ್ದು ನಿಮಗಾಗದಿರಲಿ

ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರೆದದ್ದು ಹಿಂದೆ ಮುಂದೆ ಆಗಿದ್ದರೆ ಹೊಂದಿಸಿಕೊಂಡು ಓದಿ. ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇಕಾದಷ್ಟು ಜನ ಇದ್ದೀರಿ. ವೆಬ್‌ಸೈಟ್ ಮಾಡಿಸುವ ಯೋಚನೆಯಲ್ಲೂ ಇದ್ದೀರಿ. ದುಡ್ಡು ಕೊಡುವ ಮುಂಚೆ ಇದನ್ನು ಓದಿ.

2023ರಲ್ಲಿ ಪರಿಚಯದವರೊಬ್ಬರ ಮಾತು ಕೇಳಿ ಒಬ್ಬ ಹುಡುಗನಿಗೆ ಕೆಲಸ ಕೊಟ್ಟೆವು. ಹೆಸರು ಬರೆಯೋದಿಲ್ಲ. 28,000 ರೂಪಾಯಿ. ಸೈಟ್ ಚೆನ್ನಾಗೇ ಕಾಣ್ತಿತ್ತು, ಸುಳ್ಳು ಹೇಳಲಾರೆ. ಮೇಲೆ ಅಡಿಕೆ, ಹಪ್ಪಳ, ಉಪ್ಪಿನಕಾಯಿ, ಜೋನಿಬೆಲ್ಲ ಅಂತ ಮೆನು. ಹಪ್ಪಳದ ಮೇಲೆ ಬೆರಳಿಟ್ಟರೆ ಹಲಸಿನ ಹಪ್ಪಳ, ಬಾಳೆಕಾಯಿ ಹಪ್ಪಳ ಅಂತ ಕೆಳಗೆ ಬಿಚ್ಚಿಕೊಳ್ತಿತ್ತು. ಅತ್ತೆಗೆ ತೋರಿಸಿ ಖುಷಿಪಟ್ಟಿದ್ದೆ.

ಶುರುವಾದದ್ದು ಆ ಮೆನುವಿನಿಂದಲೇ. ನಮ್ಮದು ಕಾಲಕ್ಕೆ ತಕ್ಕ ವ್ಯಾಪಾರ. ಮಿಡಿಯ ಕಾಲಕ್ಕೆ ಮಿಡಿ, ಹಲಸಿನ ಕಾಲಕ್ಕೆ ಹಲಸು, ಆಮೇಲೆ ಮುರುಗಲು. ಮೆನುವಿಗೆ ಒಂದು ಸೇರಿಸಬೇಕು, ಒಂದು ತೆಗೀಬೇಕು. ಪ್ರತಿ ಸಲ 500 ರೂಪಾಯಿ. ಯಾಕಪ್ಪಾ ಇಷ್ಟು ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇವತ್ತಿಗೂ ವಾಟ್ಸಾಪ್‌ನಲ್ಲಿದೆ: "ಅಕ್ಕಾ, ಮೆನು ಅಂದ್ರೆ ಸುಮ್ನೆ ಅಲ್ಲ. ನಿಮ್ದು 26 ಪೇಜ್ ಇದೆ. 26ರಲ್ಲೂ ಕೈಯಿಂದ ಬದಲಿಸಬೇಕು. ರಾತ್ರಿ ಕೂತು ಮಾಡ್ತೇನೆ." ರಾತ್ರಿ ಕೂತು ಮಾಡ್ತಾನಲ್ಲ ಅಂತ ನನಗೆ ಪಾಪ ಅನ್ನಿಸಿತ್ತು. ಹನ್ನೊಂದು ಸಲ ಕೊಟ್ಟಿದ್ದೇನೆ. 5,500 ರೂಪಾಯಿ.

ಆಮೇಲೆ ಉಪ್ಪಿನಕಾಯಿಯ ಕೆಳಗೆ ಮಿಡಿ, ಮಿಡಿಯ ಕೆಳಗೆ ಅನಂತಭಟ್ಟನ ಅಪ್ಪೆ ಬೇರೆ, ಜೀರಿಗೆ ಮಿಡಿ ಬೇರೆ ಅಂತ ತೋರಿಸಬೇಕಾಯಿತು. ತಿಳಿದವರು ಹೆಸರು ಹಿಡಿದೇ ಕೇಳ್ತಾರೆ. ಅದಕ್ಕೆ ಬಂದ ಉತ್ತರ: "ಮೂರನೇ ಲೆವೆಲ್ ಬೇರೆ ಪ್ಯಾಕೇಜ್ ಅಕ್ಕಾ, 4,000." ಕೊಟ್ಟೆ. ಮರುದಿನ ನೋಡ್ತೇನೆ, ಮೆನುವಿನಲ್ಲಿ ಹಪ್ಪಳವೇ ಇಲ್ಲ! ಹಪ್ಪಳ ಇದ್ದ ಜಾಗದಲ್ಲಿ ಉಪ್ಪಿನಕಾಯಿ ಬಂದು ಕೂತಿದೆ. ನಮ್ಮ ಅರ್ಧ ವ್ಯಾಪಾರ ಹಪ್ಪಳದ್ದು. ಫೋನ್ ಮಾಡಿದರೆ, "ಸರ್ವರ್ ಅಪ್‌ಡೇಟ್ ಆಗ್ತಾ ಇದೆ, 48 ತಾಸು ಕಾಯಿರಿ." ಎರಡು ದಿನ ಕಾದೆವು. ಮೂರನೇ ದಿನ ಬಂತು. ಸರ್ವರ್ ಅಂದರೆ ಹಾಗೇ ಇರಬೇಕು ಅಂದುಕೊಂಡೆ.

ಈ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಸೈಟ್ ತೆರೆದರೆ ಏನೂ ಇಲ್ಲ. ಪೂರ್ತಿ ಬಿಳಿ. ಬೆಂಗಳೂರಿಂದ ಫೋನ್ ಮೇಲೆ ಫೋನ್, "ಅಂಗಡಿ ಮುಚ್ಚಿದಿರಾ?" ಅಂತ. ಅವನಿಗೆ ಮಾಡಿದರೆ, "ಸೈಟ್ ಹ್ಯಾಕ್ ಆಗಿದೆ ಅಕ್ಕಾ. ಹೊರದೇಶದಿಂದ ಅಟ್ಯಾಕ್. ಕ್ಲೀನ್ ಮಾಡೋಕೆ 9,000 ಆಗ್ತದೆ, ಅರ್ಧ ಈಗ್ಲೇ ಹಾಕಿ, ಇಲ್ಲದಿದ್ರೆ ಎಲ್ಲಾ ಡಿಲೀಟ್ ಆಗ್ತದೆ." ಕೈ ನಡುಗಿತು. ಮನೆಯವರನ್ನೂ ಕೇಳದೆ 5,000 ಗೂಗಲ್ ಪೇ ಮಾಡಿದೆ. ಕೇಳದೆ ಮಾಡಿದೆ ಅನ್ನೋದು ಈಗಲೂ ಚುಚ್ಚುತ್ತದೆ. ನಾಲ್ಕು ದಿನ ಆದರೂ ಸೈಟ್ ಬಿಳಿಯೇ.

ಆಗ ಅಕ್ಕನ ಮಗಳು ರಜೆಗೆ ಬಂದಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದಾಳೆ. ಹೋಸ್ಟಿಂಗ್ ದುಡ್ಡು, ಅಂದರೆ ಸೈಟ್ ಇಡುವ ಜಾಗದ ಬಾಡಿಗೆ, ಮನೆಯವರ ಕಾರ್ಡಿನಿಂದ ಹೋಗಿದ್ದರಿಂದ ಲಾಗಿನ್ ಅವರ ಇಮೇಲ್‌ನಲ್ಲಿತ್ತು. ಒಳಗೆ ಹೋಗಿ ಎರರ್ ಲಾಗ್ ಅನ್ನೋ ಫೈಲ್ ತೆರೆದಳು, ಸೈಟ್‌ನಲ್ಲಿ ಏನು ತಪ್ಪಾಯಿತು ಅಂತ ತಾನಾಗೇ ದಾಖಲಾಗುವ ಫೈಲ್ ಅದು. ಒಂದೇ ಸಾಲು, ನೂರಾರು ಸಲ. "ಹ್ಯಾಕ್ ಅಲ್ಲ ಚಿಕ್ಕಿ, ಎಂತೂ ಆಜಿಲ್ಲೆ" ಅಂದಳು. ಯಾವ ಫೈಲ್, ಎಷ್ಟನೇ ಸಾಲು ಅಂತ ಅದರಲ್ಲೇ ಬರೆದಿತ್ತು. ಮೆನು ಫೈಲ್, ಸಾಲು 71.

ಆ ಫೈಲ್ ತೆರೆದಾಗ ನಾನು ನೋಡಿದ್ದನ್ನು ಹೇಳಲೇಬೇಕು. ಇಂಗ್ಲಿಷ್ ಕೋಡ್ ಇರ್ತದೆ, ನನಗೆ ತಲೆ ಬುಡ ತಿಳಿಯೋದಿಲ್ಲ ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ನಮ್ಮ ಹಪ್ಪಳದ ಹೆಸರು! ಹಲಸಿನ ಹಪ್ಪಳ, ಅಲ್ಪವಿರಾಮ. ಬಾಳೆಕಾಯಿ ಹಪ್ಪಳ, ಅಲ್ಪವಿರಾಮ. ನಮ್ಮನೆ ಸಾಮಾನಿನ ಚೀಟಿ ಬರೆದ ಹಾಗೆ, ಒಂದರ ಕೆಳಗೆ ಒಂದು. ಒಂದೇ ಫೈಲ್. 26 ಪೇಜೂ ಆ ಒಂದು ಫೈಲನ್ನೇ ಕರೆದುಕೊಳ್ಳೋದು. ಇಲ್ಲಿ ಒಂದು ಸಾಲು ಸೇರಿಸಿದರೆ 26ರಲ್ಲೂ ತಾನಾಗೇ ಬರ್ತದೆ. ಹುಡುಗಿ ಮುರುಗಲಿನ ಒಂದು ಸಾಲು ಸೇರಿಸಿ ತೋರಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ರಾತ್ರಿ ಕೂತು ಮಾಡ್ತೇನೆ ಅಂದಿದ್ದನಲ್ಲ. ಹನ್ನೊಂದು ಸಲ. ನನಗೆ ಕಣ್ಣಲ್ಲಿ ನೀರು ಬಂತು, ದುಡ್ಡಿಗಲ್ಲ, ಪಾಪ ಅಂದುಕೊಂಡಿದ್ದೆನಲ್ಲ ಅದಕ್ಕೆ.

ಅವಳು ಅತ್ತೆಯ ಕವಳದ ಸಂಚಿ ತಂದು ವಿವರಿಸಿದಳು. ಸೈಟ್‌ನ ಕೋಡ್ ಬರೆದ ಭಾಷೆ ಪಿಎಚ್‌ಪಿ, ಅದರಲ್ಲಿ ಇಂಥ ಪಟ್ಟಿಗೆ ಅರೇ ಅಂತಾರೆ, ಅರೇಯ ಒಳಗೆ ಇನ್ನೊಂದು ಅರೇ ಇಡಬಹುದು. ಸಂಚಿಯೊಳಗೆ ಇನ್ನೊಂದು ಸಂಚಿ. ಒಂದೊಂದು ಐಟಂಗೂ ಹೆಸರು, ಲಿಂಕ್, ಬೇಕಾದರೆ ಮಕ್ಕಳು, ಅಂದರೆ ಒಳಪಟ್ಟಿ. ಪಟ್ಟಿಯನ್ನು ಪೇಜಿಗೆ ಬರೆಯುವ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಂಡು) ಒಂದೇ ಸಾಕು: ಐಟಂಗೆ ಮಕ್ಕಳಿದ್ದರೆ ಅದು ತನ್ನನ್ನೇ ಮತ್ತೆ ಕರೆದುಕೊಂಡು ಒಳಗಿನ ಸಂಚಿ ಬಿಚ್ಚುತ್ತದೆ. ಹಾಗೆ ಬರೆದಿದ್ದರೆ ಮೂರು ಲೆವೆಲ್ ಆದರೂ ಅದೇ, ಹತ್ತಾದರೂ ಅದೇ. ಅವನು ಬರೆದದ್ದು ಎರಡೇ ಲೂಪ್ (ಪಟ್ಟಿಯ ಐಟಂಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಕೋಡ್), ಒಂದರೊಳಗೆ ಒಂದು. ಮೂರನೆಯದು ಬೇಕಾದಾಗ ಅದನ್ನೇ ನಕಲು ಮಾಡಿ ಒಳಗೆ ಇನ್ನೊಂದು ಅಂಟಿಸಿದ್ದಾನೆ. ಅದಕ್ಕೆ 4,000.

ಹಪ್ಪಳ ಮಾಯ ಆದದ್ದೂ ಸರ್ವರ್‌ನಿಂದಲ್ಲ. ಅರೇಯಲ್ಲಿ ಒಂದೊಂದು ಐಟಂ ಗುರುತಿಸುವ ಹೆಸರಿಗೆ ಕೀಲಿ ಅಂತಾರೆ, ಅವನು ಲಿಂಕನ್ನೇ ಕೀಲಿ ಮಾಡಿದ್ದ. ತನ್ನದೇ ಪೇಜ್ ಇಲ್ಲದ ಹಪ್ಪಳಕ್ಕೆ ಲಿಂಕ್ ಬದಲು ಬರೀ ಹ್ಯಾಷ್ (#) ಗುರುತು ಕೊಟ್ಟಿದ್ದ, ಉಪ್ಪಿನಕಾಯಿಯ ಕೆಳಗೆ ಮಿಡಿ ಸೇರಿಸುವಾಗ ಉಪ್ಪಿನಕಾಯಿಗೂ ಅದೇ ಹ್ಯಾಷ್. ಒಂದೇ ಅರೇಯಲ್ಲಿ ಒಂದೇ ಕೀಲಿ ಎರಡು ಸಲ ಬಂದರೆ ಪಿಎಚ್‌ಪಿ ತಕರಾರು ಮಾಡೋದಿಲ್ಲ, ಮೊದಲಿನದರ ಜಾಗದಲ್ಲಿ ಕೊನೆಯದನ್ನು ಇಟ್ಟುಕೊಳ್ತದೆ. ಹಳೇ ನಕಲು ಇನ್ನೊಂದು ಫೋಲ್ಡರಿನಲ್ಲಿ ಹಾಗೇ ಬಿದ್ದಿತ್ತು, ಹುಡುಗಿ ತೆಗೆದು ತೋರಿಸಿದಳು. ತನ್ನ ತಪ್ಪು ಹುಡುಕೋಕೆ ಅವನಿಗೆ ಎರಡು ದಿನ ಬೇಕಾಗಿತ್ತು, ನಮಗೆ ಹೇಳಿದ್ದು ಸರ್ವರ್ ಅಪ್‌ಡೇಟ್.

ಇನ್ನು ಆ ಸಾಲು 71. ಮಕ್ಕಳು ಎಷ್ಟು ಅಂತ ಕೌಂಟ್ ಮಾಡುವ ಸಾಲು ಅದು. ಜೋನಿಬೆಲ್ಲಕ್ಕೆ ಒಳಪಟ್ಟಿ ಇಲ್ಲ, ಅಲ್ಲಿ ಎಣಿಸೋಕೆ ಅರೇಯೇ ಇಲ್ಲ. ಹಳೇ ಪಿಎಚ್‌ಪಿ ಅದನ್ನು ಸೊನ್ನೆ ಅಂತ ತೆಗೆದುಕೊಂಡು ಮುಂದೆ ಹೋಗ್ತಿತ್ತಂತೆ. ಪಿಎಚ್‌ಪಿಯ 7.2ನೇ ಆವೃತ್ತಿ ಎಚ್ಚರಿಕೆ ಕೊಡೋಕೆ ಶುರು ಮಾಡಿತು, 8ರಲ್ಲಿ ನೇರ ನಿಂತೇ ಬಿಡ್ತದೆ. ನಮ್ಮ ಸೈಟ್ 7.1ರಲ್ಲಿತ್ತು. 7.1ಕ್ಕೆ ಬೆಂಬಲ ಮುಗಿದದ್ದು 2019ರ ಡಿಸೆಂಬರ್ 1ಕ್ಕೆ, ಇವನು ನಮಗೆ ಕಟ್ಟಿಕೊಟ್ಟದ್ದು 2023ರಲ್ಲಿ! ಹೋಸ್ಟಿಂಗ್‌ನವರು ಏಪ್ರಿಲ್‌ನಲ್ಲಿ ಹಳೆಯದನ್ನು ತೆಗೆದು ಹೊಸದಕ್ಕೆ ಹಾಕಿದ್ದರು, ಮುಂಚೆಯೇ ಮೇಲ್ ಕೂಡ ಕಳಿಸಿದ್ದರು. ಹುಡುಗಿ ಆ ಸಾಲಿನಲ್ಲಿ ಎಣಿಸುವ ಬದಲು ಖಾಲಿ ಇದೆಯಾ ಅಂತ ನೋಡುವ ಹಾಗೆ ಬದಲಿಸಿದಳು. ಸೈಟ್ ಬಂತು. ಅಟ್ಯಾಕ್ ಇಲ್ಲ, ವೈರಸ್ ಇಲ್ಲ.

ಫೋಟೋ ತೆಗೆದು ಅವನಿಗೆ ಕಳಿಸಿದೆ. ಒಂದು ಕ್ಷಮೆ ಬರ್ತದೆ ಅಂದುಕೊಂಡಿದ್ದೆ. ಬಂದದ್ದು ಇಷ್ಟು:

"ನೀವು ಫೈಲ್ ಮುಟ್ಟಿದ್ರಾ? ಹಾಗಾದ್ರೆ ಇನ್ನು ವಾರಂಟಿ ಇಲ್ಲ."

26 ಪೇಜ್ ಅಂದಿದ್ದೆಯಲ್ಲ, ಒಂದೇ ಫೈಲ್ ಇದೆಯಲ್ಲ ಅಂದೆ.

"ಅದು ಟೆಕ್ನಿಕಲ್ ಅಕ್ಕಾ, ನಿಮಗೆ ಅರ್ಥ ಆಗೋದಿಲ್ಲ."

5,000 ವಾಪಸ್ ಕೊಡು ಅಂದೆ.

"ಟೀಮ್‌ಗೆ ಕೊಟ್ಟಾಯ್ತು."

ನಿಮಗೆ ಅರ್ಥ ಆಗೋದಿಲ್ಲ. ಈ ಮಾತು ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ. ಅರ್ಥ ಆಗ್ತದೆ ತಮ್ಮಾ. ಹಲಸಿನ ಸೊಳೆ ಎಷ್ಟು ಬೆಂದರೆ ಹಪ್ಪಳ ಒಡೆಯೋದಿಲ್ಲ ಅಂತ ಗೊತ್ತಿರುವವಳಿಗೆ ಅಲ್ಪವಿರಾಮ ಎಲ್ಲಿ ಹಾಕಬೇಕು ಅಂತ ಕಲಿಯೋದು ಕಷ್ಟ ಆಗಲಿಲ್ಲ. ಕಳೆದ ವಾರ ಸಂಡಿಗೆ ಸೇರಿಸುವಾಗ ಒಂದು ಅಲ್ಪವಿರಾಮ ಬಿಟ್ಟು ಸೈಟ್ ಮತ್ತೆ ಬಿಳಿ ಆಯಿತು, ಲಾಗ್ ನೋಡಿ ನಾನೇ ಸರಿ ಮಾಡಿದೆ.

ನೀವು ಮಾಡಿಸುವುದಿದ್ದರೆ ಮೊದಲ ದಿನವೇ ಕೇಳಿ: ಮೆನು ಯಾವ ಫೈಲಿನಲ್ಲಿದೆ, ನನ್ನೆದುರು ಒಂದು ಐಟಂ ಸೇರಿಸಿ ತೋರಿಸು ಅಂತ. ತೋರಿಸದಿದ್ದರೆ ಕೊನೆಯ ಕಂತು ಕೊಡಬೇಡಿ. ಪಿಎಚ್‌ಪಿ ಎಷ್ಟನೆಯದು ಅಂತಲೂ ಕೇಳಿ. ಹ್ಯಾಕ್ ಅಂದ ಕೂಡಲೇ ದುಡ್ಡು ಹಾಕಬೇಡಿ, ಎರರ್ ಲಾಗ್ ಕಳಿಸು ಅನ್ನಿ. ಹೋಸ್ಟಿಂಗ್, ಡೊಮೇನ್ (ಸೈಟ್‌ನ ವಿಳಾಸ) ಎರಡೂ ನಿಮ್ಮ ಇಮೇಲ್‌ನಲ್ಲೇ ಇರಲಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿ ದೂರು ಬರೆಸಿದ್ದೇನೆ, ವಾಟ್ಸಾಪ್ ಎಲ್ಲಾ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ.

ಹೋಸ್ಟಿಂಗ್ ನಮ್ಮ ಕೈಲಿತ್ತು ಅಂತ ಇಷ್ಟಾದರೂ ಉಳಿಯಿತು. ಡೊಮೇನ್ ಮಾತ್ರ ಅವನ ಹೆಸರಲ್ಲೇ ಇದೆ, ಆಗಸ್ಟ್‌ಗೆ ಅವಧಿ ಮುಗೀತದೆ. ಹಪ್ಪಳದ ಪ್ಯಾಕೆಟ್ಟಿನ ಮೇಲೆಲ್ಲ ಆ ವಿಳಾಸವನ್ನೇ ಅಚ್ಚು ಹಾಕಿಸಿದ್ದೇವೆ. ನಿನ್ನೆ ರಾತ್ರಿ ಮತ್ತೆ ಕೇಳಿದೆ. ಓದಿದ ಗುರುತು ನೀಲಿ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.