ನಾಲ್ಕು ಮಳೆಗಾಲ ಬಳಸಿದ ಕ್ಯಾಮೆರಾ ರೇನ್‌ಕವರ್: ಮುಂಬಯಿ ಸುತ್ತಾಟದ ಅನುಭವದಿಂದ

ಮುಂಬಯಿಯ ಬೋರಾ ಬಜಾರಿನ ಒಂದು ಅಂಗಡಿಯಲ್ಲಿ 2022ರ ಜೂನ್ ತಿಂಗಳಲ್ಲಿ 850 ರೂಪಾಯಿಗೆ ಕೊಂಡ ನೈಲಾನ್ ರೇನ್‌ಕವರ್ ಒಂದನ್ನು 2025ರ ಮಳೆಗಾಲ ಮುಗಿಯುವವರೆಗೂ ಬಳಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಒಳಬದಿಯಲ್ಲಿ ಅಳತೆ ತಿಳಿಸುವ ಒಂದು ಚೀಟಿಯನ್ನು ಹೊಲಿದಿದ್ದಾರೆ, ಅಷ್ಟೇ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣಕ್ಕೆ ಹತ್ತಿರದ ಆ ಓಣಿಯಲ್ಲಿ ಕ್ಯಾಮೆರಾ ಸಾಮಾನಿನ ಅಂಗಡಿಗಳು ಒತ್ತೊತ್ತಾಗಿ ಇರುವುದರಿಂದ ಇದೇ ಬಗೆಯ ಕವರ್ ನಾಲ್ಕು ಕಡೆ ನಾಲ್ಕು ಬೆಲೆಗೆ ಸಿಗುತ್ತದೆ, ಚೌಕಾಸಿಗೂ ಅವಕಾಶವಿದೆ.

ನನ್ನಲ್ಲಿರುವುದು ಲೆನ್ಸ್ ಬದಲಿಸಬಹುದಾದ ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 18–140 ಮಿ.ಮೀ. ಜೂಮ್ ಲೆನ್ಸ್. ನೀರು ತಡೆಯುವ ರಬ್ಬರ್ ಸೀಲ್ ಎರಡಕ್ಕೂ ಇಲ್ಲ. ಸೀಲ್ ಇರುವ ಹೊಸ ಕ್ಯಾಮೆರಾ ಕೊಳ್ಳುವ ಆಸೆಯೇನೋ ಇತ್ತು; ಆದರೆ ಕ್ಯಾಮೆರಾಕ್ಕೆ ಮಾತ್ರ ಸೀಲ್ ಇದ್ದು ಲೆನ್ಸಿಗೆ ಇಲ್ಲವಾದರೆ ಅವೆರಡೂ ಕೂಡುವ ಸಂದಿಯಿಂದಲೇ ನೀರು ಒಳಗಿಳಿಯುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು. ವರ್ಷಕ್ಕೆ ನಾಲ್ಕು ತಿಂಗಳ ಹವ್ಯಾಸಕ್ಕೆ ಬ್ಯಾಂಕಿನ ಸಂಬಳದಿಂದ ಅಷ್ಟು ದೊಡ್ಡ ಮೊತ್ತ ತೆಗೆಯಲು ಮನಸ್ಸು ಒಪ್ಪಲಿಲ್ಲ.

ಕವರಿನ ರಚನೆ ಸರಳವಾಗಿದೆ. ಮುಂದೆ ಲೆನ್ಸ್ ತೂರಿಸಿ ದಾರ ಎಳೆದು ಬಿಗಿಯುವ ಕೊಳವೆ, ಎರಡು ಪಕ್ಕಗಳಲ್ಲಿ ಕೈ ತೂರಿಸುವ ತೋಳು, ಹಿಂದೆ ಪರದೆ ನೋಡಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ, ಕೆಳಗೆ ಪೂರ್ತಿ ತೆರೆದ ಬಾಯಿ. ಊರಿನ ಗದ್ದೆಗಳಲ್ಲಿ ನೇಜಿ ನೆಡುವವರು ಬೆನ್ನಿಗೆ ಹೊದ್ದುಕೊಳ್ಳುತ್ತಿದ್ದ ಗೊರಬನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು. ಗೊರಬು ತಲೆ ಮತ್ತು ಬೆನ್ನನ್ನು ಮುಚ್ಚಿ, ಕೈಗಳನ್ನು ಕೆಲಸಕ್ಕೆ ಬಿಟ್ಟು, ಮುಂಭಾಗವನ್ನು ತೆರೆದೇ ಇಡುತ್ತದೆ. ಮೈಯ ಬಿಸಿ ಅಲ್ಲಿಂದ ಹೊರಹೋಗುತ್ತದೆ. ಕವರ್ ಕೊಳ್ಳುವ ಮೊದಲು ನಾನು ದಪ್ಪನೆಯ ಪ್ಲಾಸ್ಟಿಕ್ ಚೀಲವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಬಳಸುತ್ತಿದ್ದೆ. ಮೇಲಿನಿಂದ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ ನಿಜ, ಆದರೆ ಅಂಗೈಯ ಬೆವರಿನ ಆವಿಯೇ ಕಾಲು ಗಂಟೆಯೊಳಗೆ ಕಣ್ಣಿಟ್ಟು ನೋಡುವ ವ್ಯೂಫೈಂಡರನ್ನು ಮಸುಕುಗೊಳಿಸುತ್ತಿತ್ತು. ಕೆಳಗೆ ತೆರೆದಿರುವ ಈ ಕವರಿನಲ್ಲಿ ಆ ತೊಂದರೆ ಬಹಳ ಕಡಿಮೆ. ಕೆಳಗಿನ ಬಾಯಿಯನ್ನು ಕಂಡು ಇದು ಅಪೂರ್ಣ ವಸ್ತುವೆಂದು ಕೊಳ್ಳದೆ ಹಿಂದಿರುಗುವವರಿದ್ದಾರೆ. ನನ್ನ ಮಟ್ಟಿಗೆ ಇದರ ಮುಖ್ಯ ಗುಣವೇ ಅದು.

ಬಳಕೆಯ ಮಿತಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ.ಯಿಂದ ಮೇಲಿನದು ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಇಲಾಖೆ ಹಳದಿ ಎಚ್ಚರಿಕೆ ಕೊಟ್ಟ ದಿನ ನಾನು ಹೊರಡುತ್ತೇನೆ, ಕಿತ್ತಳೆಯ ದಿನ ಮನೆಯ ಸುತ್ತಮುತ್ತ ಮಾತ್ರ ತಿರುಗುತ್ತೇನೆ, ಕೆಂಪು ಬಂದರೆ ಕ್ಯಾಮೆರಾವನ್ನು ಮುಟ್ಟುವುದೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಈ ನಗರದಲ್ಲಿದ್ದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಅದೇ ದಿನಾಂಕಕ್ಕೆ ಸರಿಯಾಗಿ ಇಪ್ಪತ್ತು ವರ್ಷವಾದಾಗ, ಅಂದರೆ 2025ರ ಜುಲೈ 26ರ ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆಯಿತ್ತು. ಉಡುಪಿಯಿಂದ ಬಂದಿದ್ದ ಅಕ್ಕನ ಮಗನಿಗೆ ನಗರ ತೋರಿಸುವ ನೆವದಲ್ಲಿ ಈ ಕವರನ್ನು ಬೆಳಗಿನಿಂದ ಸಂಜೆಯವರೆಗೆ ಸತತವಾಗಿ ಬಳಸಿದೆ. ಉಳಿದ ಎಲ್ಲ ದಿನಗಳಿಗಿಂತ ಆ ಒಂದು ದಿನವೇ ಇದರ ಗುಣದೋಷಗಳನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿತು.

ಮೊದಲ ತಪ್ಪು ನನ್ನದೇ. ಮುಲುಂಡಿನಿಂದ ಎಸಿ ಲೋಕಲ್ ರೈಲಿನಲ್ಲಿ ಹೊರಟೆವು. ಹೊರಗೆ ಮಳೆ ಸುರಿಯುತ್ತಿರುವಾಗ ಒಣ ಗಾಡಿಯಲ್ಲಿ ಕುಳಿತು ಹೋಗುವುದು ಜಾಣತನವೆಂದು ಭಾವಿಸಿದ್ದೆ. ಕ್ಯಾಮೆರಾ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕವರಿನೊಳಗೇ ಇದ್ದು ಚೆನ್ನಾಗಿ ತಣ್ಣಗಾಗಿತ್ತು. ಸಿಎಸ್‌ಎಂಟಿಯಲ್ಲಿ ಇಳಿದು ಹೊರಗೆ ಬಂದ ಕ್ಷಣದಲ್ಲೇ ಲೆನ್ಸಿನ ಗಾಜಿನ ಮೇಲೆ ಹೊರಗಿನ ಬಿಸಿ ತೇವ ಕೂಡಿ ಹಾಲಿನ ಕೆನೆಯಂತೆ ಮಂಜು ಕಟ್ಟಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. “ಮಾವ, ಕವರ್ ಹಾಕಿದ್ದೀರಲ್ಲ, ಮತ್ತೆ ಹೇಗೆ ಒದ್ದೆಯಾಯಿತು?” ಎಂದು ಹುಡುಗ ಕೇಳಿದ. ಕವರ್ ತಡೆಯುವುದು ಬೀಳುವ ನೀರನ್ನು. ಗಾಳಿಯಲ್ಲಿ ಕರಗಿರುವ ನೀರಿನ ವಿಚಾರದಲ್ಲಿ ಅದಕ್ಕೆ ಏನೂ ಮಾಡಲಾಗದು. ಕ್ಯಾಮೆರಾವನ್ನು ಜಿಪ್ ಮುಚ್ಚಿದ ಚೀಲದೊಳಗಿಟ್ಟು, ಹೊರಗಿನ ಬಿಸಿಗೆ ಅದು ಹೊಂದಿಕೊಳ್ಳುವವರೆಗೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಈಗ ಮಳೆಗಾಲದಲ್ಲಿ ಚಿತ್ರ ತೆಗೆಯಲು ಹೊರಟಾಗ ಸಾಮಾನ್ಯ ಲೋಕಲಿನ ಕಿಟಕಿಯ ಬದಿಯನ್ನೇ ಹುಡುಕುತ್ತೇನೆ.

ಕಾದ ಆ ಹೊತ್ತು ವ್ಯರ್ಥವಾಗಲಿಲ್ಲ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸಗೊಳಿಸಿದ ಈ ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಯಿತು. 2004ರಲ್ಲಿ ಇದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎದುರಿನ ಮಹಾನಗರಪಾಲಿಕೆಯ ಕಟ್ಟಡವೂ ಅದೇ ಸ್ಟೀವನ್ಸ್ ಅವರದು. ಬಿಸಿಲಿನಲ್ಲಿ ಒಂದೇ ಬಣ್ಣಕ್ಕೆ ತಿರುಗಿದಂತೆ ಕಾಣುವ ಕಲ್ಲು, ನೆನೆದಾಗ ಹಳದಿ, ಕಂದು, ಬೂದು ಎಂದು ಬೇರೆ ಬೇರೆಯಾಗಿ ತೋರುತ್ತದೆ. ಗೇಟಿನ ಕಂಬಗಳ ಮೇಲಿರುವ ಸಿಂಹ ಮತ್ತು ಹುಲಿಗಳ ಚಿತ್ರವನ್ನು ನಾನು ಎಷ್ಟೋ ಸಲ ತೆಗೆದಿದ್ದರೂ ಹುಲಿಯ ಪಟ್ಟೆಗಳ ಕೆತ್ತನೆ ಸ್ಪಷ್ಟವಾಗಿ ಮೂಡಿದ್ದು ಅಂದಿನ ಮೋಡದ ಬೆಳಕಿನಲ್ಲಿ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದೆವು. ಕ್ಯಾಮೆರಾದವರಿಗೆ ಮಳೆಗಾಲದಲ್ಲಿ ಇದಕ್ಕಿಂತ ಉಪಕಾರಿಯಾದ ರಸ್ತೆ ಮುಂಬಯಿಯಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಇಲ್ಲಿನ ಹಳೆಯ ಕಟ್ಟಡಗಳ ನೆಲಮಹಡಿಯ ಮುಂದೆ ಕಮಾನು ಸಾಲಿನ ಮುಚ್ಚಿದ ಪಾದಚಾರಿ ಮಾರ್ಗವಿದ್ದು, ಒಂದು ಕಟ್ಟಡದ ಕಮಾನು ಮುಗಿಯುವಲ್ಲಿ ಇನ್ನೊಂದರದು ಆರಂಭವಾಗುತ್ತದೆ. ನೀವು ಒಣಗಿದ ಜಾಗದಲ್ಲಿ ನಿಂತಿರುತ್ತೀರಿ, ಮಳೆ ನಿಮ್ಮ ಎದುರಿಗೆ ಪರದೆಯಂತೆ ಬೀಳುತ್ತಿರುತ್ತದೆ, ಕಪ್ಪು ಹಳದಿ ಟ್ಯಾಕ್ಸಿಗಳೂ ಬೆಸ್ಟ್‌ನ ಕೆಂಪು ಬಸ್ಸುಗಳೂ ಆ ಪರದೆಯ ಹಿಂದೆ ಹಾದುಹೋಗುತ್ತಿರುತ್ತವೆ. ಶಟರ್ ವೇಗ 1/60 ಸೆಕೆಂಡ್ ಇಟ್ಟರೆ ಹನಿಗಳು ಗೆರೆಗಳಾಗುತ್ತವೆ, 1/500ಕ್ಕೆ ಏರಿಸಿದರೆ ಮುತ್ತುಗಳಾಗಿ ನಿಲ್ಲುತ್ತವೆ. ಹಿನ್ನೆಲೆ ಕಪ್ಪಗಿದ್ದು ಬೆಳಕು ಹನಿಯ ಹಿಂದಿನಿಂದ ಬಂದರೆ ಮಾತ್ರ ಎರಡೂ ಚೆನ್ನಾಗಿ ಕಾಣುತ್ತವೆ.

ಹಿಂದೆ ಕವರಿನ ದೊಡ್ಡ ಕಿರುಕುಳ ತಿಳಿದದ್ದೂ ಇದೇ ರಸ್ತೆಯಲ್ಲಿ. ಬಟ್ಟೆಯ ಮೇಲಿನಿಂದ ಜೂಮ್ ಉಂಗುರ ತಿರುಗಿಸುವಾಗ ಕೈ ಜಾರುತ್ತದೆ. 140ಕ್ಕೆ ಉದ್ದವಾದ ಲೆನ್ಸನ್ನು 18ಕ್ಕೆ ಮರಳಿಸಿದಾಗ ಕೊಳವೆಯ ಅಂಚು ಮುಂದಕ್ಕೆ ಸರಿದು ಚಿತ್ರದ ಮೂಲೆಗಳಲ್ಲಿ ಕಪ್ಪಾಗಿ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂಥ ಲೆನ್ಸ್ ಉದ್ದವಾಗುವಾಗ ಹೊರಗಿನ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಎರಡನೆಯ ಮಳೆಗಾಲದಿಂದ ನಾನು ಮಳೆಯಲ್ಲಿ ಜೂಮ್ ಮಾಡುವುದನ್ನೇ ನಿಲ್ಲಿಸಿ, ಉಂಗುರವನ್ನು 35ರ ಗುರುತಿನಲ್ಲಿ ಇಟ್ಟು, ಬೇಕಾದರೆ ಕಾಲಿನಿಂದ ಮುಂದೆ ಹಿಂದೆ ಹೋಗುತ್ತೇನೆ. ಚಿತ್ರ ತೆಗೆಯುವ ಬಗೆಯನ್ನು ಆರಿಸುವ ಮೋಡ್ ಡಯಲ್ ಕವರಿನೊಳಗೆ ಕಾಣುವುದಿಲ್ಲವಾಗಿ ಎಲ್ಲ ಹೊಂದಾಣಿಕೆಗಳನ್ನೂ ಮನೆಯಲ್ಲೇ ಮಾಡಿಕೊಂಡು ಹೊರಡಬೇಕು. ಮುಂಗಾಜಿಗೆ ಬೀಳುವ ಹನಿಯನ್ನು ಕವರ್ ತಡೆಯುವುದಿಲ್ಲ, ಅದು ಲೆನ್ಸಿನ ತುದಿಗೆ ಸಿಕ್ಕಿಸುವ ಲೆನ್ಸ್ ಹುಡ್‌ನ ಕೆಲಸ. ಹುಡ್ ಇಲ್ಲದೆ ಈ ಕವರನ್ನು ಕೊಳ್ಳುವುದು ದಂಡ.

ಹಾರ್ನಿಮನ್ ಸರ್ಕಲ್ಲಿನಲ್ಲಿ 1833ರ ಟೌನ್ ಹಾಲ್, ಅದರ ಮೆಟ್ಟಿಲಿನ ಮೇಲೆ ಕೊಡೆ ಮಡಚಿ ಕುಳಿತ ಜನ, ಇಷ್ಟು ತೆಗೆದು ಓವಲ್ ಮೈದಾನಕ್ಕೆ ಬಂದೆವು. ಪೂರ್ವಕ್ಕೆ ರಾಜಾಬಾಯಿ ಗೋಪುರವೂ ಹೈಕೋರ್ಟೂ ಸೇರಿದ ಮೊನಚು ಕಮಾನಿನ ಗಾಥಿಕ್ ಶೈಲಿಯ ಸಾಲು, ಪಶ್ಚಿಮಕ್ಕೆ ಆರ್ಟ್ ಡೆಕೊ ಶೈಲಿಯ ಮನೆಗಳು, ನಡುವೆ ಕೆಸರಿನಲ್ಲಿ ಫುಟ್ಬಾಲ್ ಆಡುವ ಹುಡುಗರು. ಎರಡೂ ಸಾಲುಗಳನ್ನು ಯುನೆಸ್ಕೊ 2018ರಲ್ಲಿ ಒಂದೇ ಪರಂಪರಾ ತಾಣವೆಂದು ಪಟ್ಟಿಗೆ ಸೇರಿಸಿದೆ. ಗಾಳಿ ಅಡ್ಡ ಬೀಸುವ ಬಯಲಿನಲ್ಲಿ ಗೊರಬಿನ ದೌರ್ಬಲ್ಯವೂ ಈ ಕವರಿಗಿದೆ: ಕೆಳಗಿನ ತೆರೆದ ಬಾಯಿಯಿಂದ ಎರಚಲು ನೇರವಾಗಿ ಒಳಗೆ ಬರುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತೇ ತೆಗೆಯಬೇಕು, ಅಂದರೆ ಅರ್ಧ ನೋಟವನ್ನು ಬಿಟ್ಟುಕೊಡಬೇಕು.

ಆಟಿ ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು, ಆದ್ದರಿಂದ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ನಾಲ್ಕೂವರೆ ಮೀಟರಿಗೂ ಮೇಲಿನ ಉಬ್ಬರವಿತ್ತು. ಅದನ್ನು ನೋಡಿಯೇ ಊಟವನ್ನು ಮುಂದೂಡಿ ಮರೀನ್ ಡ್ರೈವಿಗೆ ಹೋದೆವು. ನಾಲ್ಕು ಕಾಲಿನ ಟೆಟ್ರಾಪಾಡ್ ಕಾಂಕ್ರೀಟ್ ತುಂಡುಗಳಿಗೆ ಬಡಿದ ಅಲೆ ಕಟ್ಟೆಯನ್ನು ಮೀರಿ ಏಳುತ್ತಿತ್ತು. ಪೊಲೀಸರು ಸೀಟಿ ಊದಿ ಜನರನ್ನು ಹಿಂದೆ ಸರಿಸುತ್ತಿದ್ದರು. ಮಲ್ಪೆಯ ಕಡಲನ್ನು ನೋಡಿ ಬೆಳೆದ ಹುಡುಗನಿಗೆ ಇದರಲ್ಲಿ ಭಯವೂ ಇಲ್ಲ, ಬೆರಗೂ ಇಲ್ಲ. ಅವನ ಬೆರಗೆಲ್ಲ ಅಲೆಯ ಹಿಂದೆ ಬಾಗಿ ನಿಂತ ಕಟ್ಟಡಗಳ ಸಾಲಿನ ಮೇಲೆ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರೂ ಒಂದು ಅಲೆಯ ತುಂತುರು ಗಾಳಿಯಲ್ಲಿ ಬಂದು ನಮ್ಮ ಮೇಲೆ ಬಿತ್ತು. ಒಳಗಿನ ಕ್ಯಾಮೆರಾ ಒಣಗಿಯೇ ಉಳಿಯಿತು, ಅದನ್ನು ಮೆಚ್ಚಲೇಬೇಕು. ಅವನ ಫೋನಿನ ಪರದೆ ಮಾತ್ರ ಹನಿಗಳನ್ನೇ ಬೆರಳೆಂದು ತಿಳಿದು ತನ್ನಷ್ಟಕ್ಕೆ ಏನೇನೋ ಒತ್ತಿಕೊಳ್ಳತೊಡಗಿತು. ಫೋನು ನೀರಿನಲ್ಲಿ ಮುಳುಗಿದರೂ ಹಾಳಾಗದು ಎಂದು ಅವನು ವಾದಿಸಿದ. ಆದರೆ ಫೋನು ನೀರನ್ನು ಎಷ್ಟು ತಡೆಯುತ್ತದೆಂದು ತಿಳಿಸುವ ಐಪಿ ಸಂಖ್ಯೆಯ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಕಡಲ ನೀರಿಗೆ ಅದು ಅನ್ವಯಿಸುವುದಿಲ್ಲ.

ಮಳೆಯ ನೀರು ಒಣಗಿದರೆ ಮುಗಿಯಿತು. ಉಪ್ಪುನೀರು ಹಾಗಲ್ಲ. ನೀರು ಆರಿದ ಮೇಲೂ ಉಪ್ಪು ಬಟ್ಟೆಯಲ್ಲೇ ಉಳಿದು ಮತ್ತೆ ಗಾಳಿಯ ತೇವವನ್ನು ಹೀರುತ್ತದೆ, ಲೋಹ ತಾಗಿದಲ್ಲಿ ತುಕ್ಕು ಹಿಡಿಸುತ್ತದೆ. ನನ್ನ ಕವರಿನ ದಾರ ಬಿಗಿಯುವ ಗುಂಡಿಯೊಳಗಿನ ಸ್ಪ್ರಿಂಗ್ ಮೂರನೆಯ ಮಳೆಗಾಲದಲ್ಲೇ ಹೀಗೆ ತುಕ್ಕು ಹಿಡಿದು ಕೆಟ್ಟಿತ್ತು. ಅಂದಿನಿಂದ ಬಟ್ಟೆ ಒಣಹಾಕುವ ಕ್ಲಿಪ್ ಒಂದರಿಂದ ಕೆಲಸ ಸಾಗಿಸಿದೆ. ಕಡಲ ಬದಿಗೆ ಹೋಗಿ ಬಂದ ದಿನ ಕವರನ್ನು ಬಕೆಟಿನ ಸಿಹಿನೀರಿನಲ್ಲಿ ಅದ್ದಿ ಹಿಂಡದೆ ನೇತುಹಾಕಬೇಕು. ಅಂದು ಸಂಜೆಗೆ ಗೇಟ್‌ವೇ ಆಫ್ ಇಂಡಿಯಾಕ್ಕೂ ಹೋದೆವು, ಆದರೆ ಅಷ್ಟು ಹೊತ್ತಿಗೆ ಕವರಿನ ಕಿಟಕಿಯ ಒಳಮೈ ಹಬೆಯಾಡಿ ಪರದೆಯೇ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ತೆಗೆದ ಚಿತ್ರಗಳಲ್ಲಿ ಒಂದೂ ಇಡುವಂಥದ್ದಲ್ಲ.

ಈ ವಸ್ತುವಿನ ನಿಜವಾದ ಬೆಲೆ ನನಗೆ ತಿಳಿದದ್ದು 2023ರಲ್ಲಿ. ಆಗಸ್ಟಿನ ಒಂದು ಸಂಜೆ ದಣಿದು ಬಂದು, ಒದ್ದೆ ಕವರನ್ನು ಕ್ಯಾಮೆರಾದ ಜೊತೆಗೇ ಚೀಲದಲ್ಲಿಟ್ಟು ಮರೆತೆ. ಗಣೇಶನ ಹಬ್ಬಕ್ಕೆ ತೆಗೆದು ನೋಡಿದರೆ ಚೀಲದಲ್ಲಿದ್ದ ಎರಡನೆಯ ಲೆನ್ಸಿನೊಳಗೆ ಜೇಡರ ಬಲೆಯಂಥ ಬಿಳಿಯ ಬೂಷ್ಟು ಹಬ್ಬಿತ್ತು. ಬಿಚ್ಚಿ ಸ್ವಚ್ಛಗೊಳಿಸಿಕೊಡಲು ರಿಪೇರಿಯವರು ತೆಗೆದುಕೊಂಡದ್ದು 1,800 ರೂಪಾಯಿ, ಅಂದರೆ ಕವರಿನ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಗಾಜಿನ ಮೇಲಿನ ಲೇಪನದಲ್ಲಿ ಕಲೆ ಹಾಗೆಯೇ ಉಳಿಯಿತು. ಮಳೆಯಲ್ಲಿ ನೆನೆಯದ ಲೆನ್ಸ್ ಮನೆಯೊಳಗೆ ಕುಳಿತು ಕೆಟ್ಟಿತು. ಆ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ತೇವಾಂಶ ತೋರಿಸುವ ಪುಟ್ಟ ಮೀಟರ್ ಮತ್ತು ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ತಂದೆ. ಮೀಟರನ್ನು 40ರಿಂದ 50 ಶೇಕಡಾದ ನಡುವೆ ಇರಿಸಿಕೊಳ್ಳುತ್ತೇನೆ; ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಇದನ್ನು ಹಳೆಯ ಬಾಣಲೆಯಲ್ಲಿ ಮಾಡುತ್ತೇನೆ, ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಕೂಡದು ಎಂಬುದು ಮನೆಯಲ್ಲಿ ಹೊರಟಿರುವ ಆಜ್ಞೆ.

ಬಾಳಿಕೆಯ ವಿಚಾರ. ಮೊದಲ ಎರಡು ಮಳೆಗಾಲ ಕವರ್ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಮೂರನೆಯದರಲ್ಲಿ ಹೊಲಿಗೆಯ ಮೇಲೆ ಅಂಟಿಸಿದ್ದ ಟೇಪು ತೋಳಿನ ಬಳಿ ಎದ್ದಿತು. ನಾಲ್ಕನೆಯದರಲ್ಲಿ ಒಳಬದಿಯ ಪಾಲಿಯುರೆಥೇನ್ ಲೇಪನ ಮೊದಲು ಅಂಟಂಟಾಗಿ, ಆಮೇಲೆ ಬಿಳಿಯ ಹೊಟ್ಟಾಗಿ ಉದುರತೊಡಗಿತು. ಈ ಲೇಪನಕ್ಕೆ ತೇವವೇ ಶತ್ರುವಾದ್ದರಿಂದ ಮುಂಬಯಿಯಲ್ಲಿ ಇದಕ್ಕಿಂತ ಹೆಚ್ಚು ಕಾಲ ನಿರೀಕ್ಷಿಸುವುದು ಸರಿಯಲ್ಲ. ಕಿಟಕಿಯ ಪ್ಲಾಸ್ಟಿಕ್ ಹಳದಿಯಾಗಿದೆ. ಆದರೂ ಒಂದು ಮಳೆಗಾಲಕ್ಕೆ ಇನ್ನೂರು ಚಿಲ್ಲರೆ ರೂಪಾಯಿಯ ಲೆಕ್ಕದಲ್ಲಿ ನನಗೆ ನಷ್ಟವಾಗಿಲ್ಲ. ನಿಧಾನವಾಗಿ ನಡೆದು, ನಿಂತು, ಒಂದೇ ಅಳತೆಯ ಲೆನ್ಸಿನಲ್ಲಿ ತೆಗೆಯುವವರಿಗೆ ಇದು ಸಾಕು. ಕ್ಷಣಕ್ಷಣಕ್ಕೂ ಜೂಮ್ ಬದಲಿಸುವವರು, ಮೆರವಣಿಗೆ ಅಥವಾ ಆಟ ತೆಗೆಯುವವರು ಸೀಲ್ ಇರುವ ಕ್ಯಾಮೆರಾಕ್ಕೇ ಹಣ ಕೂಡಿಡಲಿ.

ದೀಪಾವಳಿಗೆ ಮುನ್ನ ಅದೇ ಅಂಗಡಿಗೆ ಹೋಗಿ ಅದೇ ಬಗೆಯದನ್ನು ಮತ್ತೆ ಕೊಂಡೆ. ಈಗ ಬೆಲೆ 1,100. ಕಿಟಕಿ ದೊಡ್ಡದಾಗಿದೆ, ಎಡಗೈಯ ತೋಳನ್ನು ತೆಗೆದುಹಾಕಿ ಅಲ್ಲಿ ಬರಿಯ ಸೀಳು ಬಿಟ್ಟಿದ್ದಾರೆ. ಅದು ಎರಚಲಿಗೆ ಹೇಗೆ ತಡೆದೀತು ಎಂಬುದನ್ನು ಜೂನ್ ಬಂದ ಮೇಲೆ ನೋಡಬೇಕು. ಗುಂಡಿಯ ಸ್ಪ್ರಿಂಗನ್ನು ಮಾತ್ರ ಮನೆಗೆ ಬಂದ ದಿನವೇ ಕಿತ್ತು ಬಟ್ಟೆಯ ಕ್ಲಿಪ್ ಸಿಕ್ಕಿಸಿಟ್ಟಿದ್ದೇನೆ.