ಬ್ಯಾಗಿನ ಚೀಟಿಯಲ್ಲಿ ‘600 ಎಂಎಂ’ ಅಂತ ಇದ್ದರೆ ನಂಬಬೇಡಿ, ಟೇಪ್ ತಗೊಂಡು ಹೋಗಿ

ಉದ್ದದ ಲೆನ್ಸ್‌ಗೆ ಬ್ಯಾಗ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 2,900 ರೂಪಾಯಿಯ ಒಂದು ಬ್ಯಾಗಿನಿಂದ ನನ್ನ ಲೆನ್ಸು, ಕ್ಯಾಮೆರಾ ಎರಡೂ ರಿಪೇರಿಗೆ ಹೋದವು. ಬಿಲ್ ಬಂದದ್ದು 38,400. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದದ್ದು ಅರ್ಧ ಚಳಿಗಾಲ ಕೈಯಲ್ಲಿ ಕ್ಯಾಮೆರಾ ಇಲ್ಲದೆ ಕಳೆದದ್ದಕ್ಕೆ.

ನಾನಿರುವುದು ಪುಣೆಯ ಚಿಂಚ್‌ವಡ್‌ನಲ್ಲಿ, ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಊರಿಗೆ ಹೋಗುವಾಗ ಸೊಲ್ಲಾಪುರ ಹೆದ್ದಾರಿಯಲ್ಲಿ ಭಿಗವಣ ದಾಟಿಯೇ ಹೋಗುತ್ತೇವೆ. ಪುಣೆಯಿಂದ ಸುಮಾರು 100 ಕಿ.ಮೀ. ನಮ್ಮ ಭೀಮಾ ನದಿಗೇ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿದೆ. ಚಳಿಗಾಲದಲ್ಲಿ ರಾಜಹಂಸಗಳು, ಪಟ್ಟೆತಲೆ ಹೆಬ್ಬಾತುಗಳು, ಮೀನು ಹಿಡಿಯುವ ಆಸ್ಪ್ರೇ ಎಲ್ಲ ಬರುತ್ತವೆ. ಎಷ್ಟೋ ವರ್ಷ ಬಸ್ಸಿನ ಕಿಟಕಿಯಿಂದ ನೋಡಿಕೊಂಡೇ ಹೋಗಿದ್ದೆ. ಮೂರು ವರ್ಷ ದುಡ್ಡು ಕೂಡಿಟ್ಟು ಸೋನಿಯ 200-600 ಎಂಎಂ ಜೂಮ್ ಲೆನ್ಸ್ ತಗೊಂಡದ್ದು ಆ ಹಕ್ಕಿಗಳಿಗಾಗಿಯೇ.

ಲೆನ್ಸ್ ಬಂತು, ಇನ್ನು ಬ್ಯಾಗ್ ಬೇಕು. ಪೇಠೆ ಕಡೆಯ ಒಂದು ಅಂಗಡಿಯಲ್ಲಿ ತೋರಿಸಿದ ಬ್ಯಾಗಿಗೆ ದೊಡ್ಡ ಚೀಟಿ ನೇತಾಡುತ್ತಿತ್ತು. ‘600 ಎಂಎಂ ಲೆನ್ಸ್ ಹಿಡಿಯುತ್ತದೆ, 40 ಲೀಟರ್, ವಾಟರ್‌ಪ್ರೂಫ್’ ಅಂತ. ನನ್ನದೂ 600, ಸರಿ ಹೋಯಿತು ಅಂದುಕೊಂಡೆ. ಲೆನ್ಸ್ ಮನೆಯಲ್ಲಿತ್ತು. ಹಾಕಿ ನೋಡದೆ ತಗೊಂಡು ಬಂದೆ.

ಈ 600 ಇದೆಯಲ್ಲ, ಅದು ಲೆನ್ಸಿನ ಫೋಕಲ್ ಲೆಂಗ್ತ್, ದೂರದ್ದನ್ನು ಎಷ್ಟು ಹತ್ತಿರ ಮಾಡಿ ತೋರಿಸುತ್ತದೆ ಅನ್ನುವುದರ ಅಳತೆ. ಲೆನ್ಸಿನ ಮೈ ಎಷ್ಟು ಉದ್ದ ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಸಿಗ್ಮಾದ 150-600 ಕಾಂಟೆಂಪರರಿ ಮಡಚಿದಾಗ 26 ಸೆಂ.ಮೀ. ಟ್ಯಾಮ್ರಾನ್ 150-600 ಜಿ2 ಕೂಡ ಹೆಚ್ಚುಕಡಿಮೆ ಅಷ್ಟೇ. ಸೋನಿ 200-600 ಮಾತ್ರ 31.8 ಸೆಂ.ಮೀ. ಅದರ ಜೂಮ್ ಒಳಗೇ ನಡೆಯುತ್ತದೆ. ತಿರುಗಿಸಿದರೆ ಮೂತಿ ಹೊರಗೆ ಚಾಚುವುದೂ ಇಲ್ಲ, ಮಡಚಿ ಗಿಡ್ಡ ಮಾಡಲಿಕ್ಕೂ ಬರುವುದಿಲ್ಲ. ನಿಕಾನಿನ 180-600 ಕೂಡ ಇದೇ ಜಾತಿ, 31.5 ಸೆಂ.ಮೀ. ಇನ್ನು ಸೋನಿಯ 600 ಎಫ್4 ಅನ್ನುವ ಪ್ರೈಮ್ ಲೆನ್ಸಂತೂ (ಅಂದರೆ ಜೂಮ್ ಇಲ್ಲದ್ದು) 45 ಸೆಂ.ಮೀ ಹತ್ತಿರ ಇದೆ. ಎಲ್ಲವೂ 600 ಎಂಎಂ. ಒಂದೇ ಬ್ಯಾಗಿನಲ್ಲಿ ಇವೆಲ್ಲ ಹೇಗೆ ಹಿಡಿಸುತ್ತವೆ? ಚೀಟಿ ಬರೆದವರು 26 ಸೆಂ.ಮೀ ಲೆನ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು, ನಾನು ನನ್ನ ಲೆನ್ಸಿಗೆ ಅಂತ ಓದಿಕೊಂಡೆ.

ಮನೆಗೆ ಬಂದು ಹಾಕಿದೆ. ಲೆನ್ಸ್ ಒಂದನ್ನೇ ಇಟ್ಟರೆ ಹಿಡಿಸಿತು. ಆದರೆ ಹಕ್ಕಿ ತೆಗೆಯುವವರು ಯಾರಾದರೂ ಲೆನ್ಸು ಕ್ಯಾಮೆರಾ ಬೇರೆ ಬೇರೆ ಇಟ್ಟುಕೊಂಡು ಓಡಾಡುತ್ತಾರಾ? ದೋಣಿಯಲ್ಲಿ ಕೂತು ಜೋಡಿಸುವಷ್ಟರಲ್ಲಿ ಹಕ್ಕಿ ಇರುವುದಿಲ್ಲ, ಸೆನ್ಸರ್ ಮೇಲೆ ಧೂಳು ಬೀಳುವುದು ಬೇರೆ. ಕ್ಯಾಮೆರಾ ಜೋಡಿಸಿ ಇಟ್ಟೆ. ಮೇಲಿನ ಮೂಲೆಯಲ್ಲಿ ಚೈನ್ ಬಿಗಿಯಿತು. ಮೊಣಕೈಯಿಂದ ಸ್ವಲ್ಪ ಒತ್ತಿ ಹಿಡಿದು ಎಳೆದರೆ ಮುಚ್ಚುತ್ತಿತ್ತು. ಹೊಸ ಬ್ಯಾಗು, ಬಳಸುತ್ತಾ ಹೋದ ಹಾಗೆ ಸಡಿಲಾಗುತ್ತದೆ ಅಂತ ಸುಮ್ನೆ ಬಿಟ್ಟೆ. ಚಿಕ್ಕಪ್ಪನ ಮಗ ನೋಡಿದವನೇ ಹೇಳಿದ್ದ, “ಅಣ್ಣಾ, ಬ್ಯಾಗ್ ಯಾಕೋ ಹೊಟ್ಟಿ ಬಂದಂಗ ಕಾಣತೈತಲ್ಲ” ಅಂತ. ಅವತ್ತೇ ಟೇಪ್ ಹಿಡಿದಿದ್ದರೆ ಈ ಬರಹ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಟೇಪ್ ಹಿಡಿದದ್ದು ಎಲ್ಲ ಮುಗಿದ ಮೇಲೆ. ಕ್ಯಾಮೆರಾ ಜೋಡಿಸಿದ ಲೆನ್ಸು, ಹುಡ್ (ಲೆನ್ಸಿನ ಮೂತಿಗೆ ಹಾಕುವ ಕೊಳವೆಯಂಥ ಮರೆ) ತಿರುವಿ ಹಾಕಿದ್ದು, ಒಟ್ಟು ಉದ್ದ 38.5 ಸೆಂ.ಮೀ. ಬ್ಯಾಗಿನ ಒಳಗೆ ಇದ್ದ ಜಾಗ 36. ಹೊರಗಿನಿಂದ ಅದೇ ಬ್ಯಾಗು 44 ಸೆಂ.ಮೀ ಎತ್ತರ. ಅಂದರೆ 8 ಸೆಂ.ಮೀ ಬರೀ ಫೋಮು, ಹೊಲಿಗೆ, ಅಂಚು. ಲೆನ್ಸಿನ ಕೆಳಗೆ ಟ್ರೈಪಾಡಿಗೆ ಕೂರಿಸುವ ಕಾಲು, ಟ್ರೈಪಾಡ್ ಫುಟ್, ಇರುತ್ತದಲ್ಲ, ಅದನ್ನೂ ಸೇರಿಸಿ ಅಳೆದರೆ ದಪ್ಪ ಹತ್ತಿರ ಹತ್ತಿರ 16. ಬ್ಯಾಗಿನ ಒಳ ಆಳ 13. ಹಾಗಾಗಿ ಆ ಚೈನು ಎರಡೂ ಕಡೆಯಿಂದ ಎಳೆತದಲ್ಲೇ ಇತ್ತು, ಪ್ರತಿದಿನ.

ಡಿಸೆಂಬರಿನ ಒಂದು ಭಾನುವಾರ. ಬೆಳಗಿನ ಜಾವ 4 ಗಂಟೆಗೆ ಹೊರಟು ನಾನು, ತಮ್ಮ ಇಬ್ಬರೂ ಬೈಕಿನಲ್ಲಿ ಭಿಗವಣ ಹತ್ತಿರದ ಕುಂಭಾರ್‌ಗಾಂವ್ ತಲುಪಿದೆವು. ಮಂಜು ಇನ್ನೂ ನೀರಿನ ಮೇಲೆ ಕೂತಿತ್ತು. ದಂಡೆಯಲ್ಲಿ ಕೆಸರು, ಕಾಲು ಹುಗಿಯುತ್ತಿತ್ತು. ದೋಣಿಯವರು ಮೊದಲೇ ಹತ್ತಿ ನಿಂತು “ದಾದಾ, ಬ್ಯಾಗ್ ದ್ಯಾ” ಅಂತ ಕೈ ಚಾಚಿದರು. ಕೊಟ್ಟೆ. ಅವರು ಮೇಲಿನ ಹಿಡಿ ಹಿಡಿದು ಎತ್ತಿಕೊಂಡರು, ಯಾರೇ ಆದರೂ ಹಾಗೇ ಹಿಡಿಯುವುದು. ಚೈನ್ ಎಳೆಯುವ ರನ್ನರ್ ಇದ್ದಲ್ಲೇ ಇತ್ತು. ಅದರ ಹಿಂದೆ, ಮೇಲಿನ ಮೂಲೆಯ ತಿರುವಿನಲ್ಲಿ, ಹಲ್ಲುಗಳು ಬಾಯಿ ಬಿಟ್ಟವು. ಮೊದಲು ಎರಡು ಬೆರಳಿನಷ್ಟು, ಆಮೇಲೆ ಸರ್ರನೆ ಕೆಳಗಿನವರೆಗೆ. ಮುಂದಿನ ಮುಚ್ಚಳ ಮಡಚಿ ಬಿತ್ತು. ಒಳಗೆ ವೆಲ್ಕ್ರೋದಿಂದ ಅಂಟಿಸಿದ ಅಡ್ಡಗೋಡೆಗಳು ಆ ತೂಕ ತಡೆಯಲಿಲ್ಲ. ಲೆನ್ಸ್ 2,115 ಗ್ರಾಂ, ಕ್ಯಾಮೆರಾ 650 ಗ್ರಾಂ, ಎರಡೂ ಸೇರಿ ಹೆಚ್ಚುಕಡಿಮೆ ಎರಡೂಮುಕ್ಕಾಲು ಕೆಜಿಯ ಸಾಮಾನು ಕ್ಯಾಮೆರಾ ಮುಂದಾಗಿ ಜಾರಿ ದೋಣಿಯ ಅಂಚಿಗೆ ಬಡಿದು ಒಳಗೆ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಪಾಪ, ದೋಣಿಯವರ ಮುಖ ಬಿಳಿಚಿಕೊಂಡಿತು. ಅವರ ತಪ್ಪು ಏನೂ ಇಲ್ಲ ಅಂತ ನಾನೇ ಮೂರ್ನಾಲ್ಕು ಸಲ ಹೇಳಿದೆ.

ಎತ್ತಿ ನೋಡಿದರೆ ಗಾಜು ಒಡೆದಿರಲಿಲ್ಲ. ಹುಡ್ ಸೀಳಿತ್ತು. ಆದರೆ ಕ್ಯಾಮೆರಾ ಮತ್ತು ಲೆನ್ಸ್ ಕೂಡುವ ಜಾಗದಲ್ಲಿ, ಮೌಂಟ್‌ನಲ್ಲಿ, ಒಂದು ಕಡೆ ಉಗುರು ಹೋಗುವಷ್ಟು ಸಂದು ಬಿಟ್ಟಿತ್ತು. ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಎಡಗಡೆ ಚೂಪಾಗಿದೆ, ಬಲಗಡೆ ಮಸುಕು. ಉದ್ದದ ಲೆನ್ಸನ್ನು ಜೋಡಿಸಿಯೇ ಬ್ಯಾಗಿನಲ್ಲಿಟ್ಟಾಗ ಪೆಟ್ಟು ಬಿದ್ದರೆ ಎಲ್ಲ ಭಾರ ಬರುವುದು ಆ ಮೌಂಟಿನ ಮೇಲೆ. ಅವತ್ತು ದೋಣಿಯಲ್ಲಿ ಎರಡು ತಾಸು ಕೂತೆ. ಆಸ್ಪ್ರೇ ಒಂದು ನಮ್ಮ ಮುಂದೆಯೇ ಮೀನು ಹೊತ್ತುಕೊಂಡು ಹೋಯಿತು. ಬರಿ ಕಣ್ಣಲ್ಲಿ ನೋಡಿದೆ.

ಸರ್ವಿಸ್ ಸೆಂಟರ್‌ನಲ್ಲಿ ಎರಡರ ಮೌಂಟೂ ಬದಲಾಯಿಸಿ, ಲೆನ್ಸನ್ನು ಮತ್ತೆ ಹೊಂದಿಸಿ ಕೊಡಲಿಕ್ಕೆ 5 ವಾರ ಹಿಡಿಯಿತು. ಬಿದ್ದು ಆದ ಪೆಟ್ಟಿಗೆ ವಾರಂಟಿ ಇಲ್ಲ. ಬ್ಯಾಗ್ ಅಂಗಡಿಗೆ ಹೋಗಿ ಕೇಳಿದರೆ “ಬ್ಯಾಗ್ ಹರಿದಿಲ್ಲವಲ್ಲ, ನೀವು ಜಾಸ್ತಿ ತುಂಬಿದ್ದೀರಿ” ಅಂದರು. ಚೀಟಿ ತೋರಿಸಿದೆ. ಅದು ಕಂಪನಿಯವರು ಹಾಕಿದ್ದು, ನಮಗೆ ಗೊತ್ತಿಲ್ಲ ಅಂದರು. ಅಲ್ಲಿಗೆ ಮಾತು ಮುಗಿಯಿತು.

ನನಗೆ ಸರಿಯಾಗಿ ತಿಳಿಸಿ ಹೇಳಿದವರು ಪಿಂಪ್ರಿಯಲ್ಲಿ ಬ್ಯಾಗ್ ರಿಪೇರಿ ಮಾಡುವ ಕಲಬುರಗಿ ಕಡೆಯ ಒಬ್ಬ ಅಜ್ಜ. ಬ್ಯಾಗನ್ನು ಮಗ್ಗುಲು ತಿರುಗಿಸಿ ರನ್ನರಿನ ಬೆನ್ನು ತೋರಿಸಿದರು. ಅಲ್ಲಿ ಸಣ್ಣದಾಗಿ 5 ಅಂತ ಅಚ್ಚು ಇತ್ತು. ಅದು ಚೈನಿನ ಸೈಜು. ಮುಚ್ಚಿದಾಗ ಹಲ್ಲಿನ ಅಗಲ ಎಷ್ಟು ಮಿಲಿಮೀಟರ್ ಅನ್ನುವುದರ ಅಂದಾಜು. ಭಾರದ ಬ್ಯಾಗಿಗೆ 8 ಅಥವಾ 10 ಇರಬೇಕು. “ಚೈನ್ ಮುಚ್ಚಲಿಕ್ಕ ಅದ ತಮ್ಮಾ, ಸಾಮಾನು ಬಿಗಿಲಿಕ್ಕ ಅಲ್ಲ” ಅಂದರು. ಮೂಲೆಯ ತಿರುವಿನಲ್ಲಿ ಎಳೆತ ಬಿದ್ದರೆ ಎಂಥಾ ಚೈನಾದರೂ ಒಂದಲ್ಲ ಒಂದು ದಿನ ಬಾಯಿ ಬಿಡುತ್ತದೆ ಅಂತಲೂ ಹೇಳಿದರು.

ಈ ಸಲ ಬ್ಯಾಗ್ ಹುಡುಕುವಾಗ ಹೀಗೆ ಮಾಡಿದೆ. ರಟ್ಟಿನಲ್ಲಿ 39 ಸೆಂ.ಮೀ ಉದ್ದ, 16 ಸೆಂ.ಮೀ ದಪ್ಪದ ಒಂದು ಡಬ್ಬಿ ಅಂಟಿಸಿದೆ. ನಮ್ಮ ಅತ್ತಿಗೆ ಅದರೊಳಗೆ 3 ಕೆಜಿ ಅಕ್ಕಿ ಕಟ್ಟಿ ಇಟ್ಟುಕೊಟ್ಟರು, ಬರೀ ಡಬ್ಬಿ ಒಯ್ದರೆ ತೂಕ ಹೇಗೆ ಗೊತ್ತಾಗಬೇಕು ಅಂತ. ಅದನ್ನು ಹಿಡಿದುಕೊಂಡು ನಾಲ್ಕು ಅಂಗಡಿ ಅಲೆದೆ. ಬ್ಯಾಗಿನಲ್ಲಿ ಹಾಕಿ ಎರಡೇ ಬೆರಳಿನಲ್ಲಿ ಚೈನ್ ಎಳೆದೆ. ಒತ್ತಬೇಕಾಗಿ ಬಂದರೆ ಆ ಬ್ಯಾಗ್ ಬೇಡ. ಮೇಲಿನ ಹಿಡಿ ಹಿಡಿದು ನಿಲ್ಲಿಸಿ ಅಲ್ಲಾಡಿಸಿದೆ, ಡಬ್ಬಿ ಸರಿದ ಸದ್ದು ಬಂದರೂ ಬೇಡ. ಒಬ್ಬ ಅಂಗಡಿಯವರು ಬೇಜಾರು ಮಾಡಿಕೊಂಡರು, ಉಳಿದವರು ಖುಷಿಯಿಂದಲೇ ತೆಗೆದು ತೋರಿಸಿದರು.

ಕೊನೆಗೆ ತಗೊಂಡದ್ದು ಬೆನ್ನಿನ ಕಡೆಯಿಂದ ತೆರೆಯುವ ಬ್ಯಾಗು. ಚೈನ್ ನಮ್ಮ ಬೆನ್ನಿಗೆ ಆನಿಕೊಂಡಿರುತ್ತದೆ, ಕೆಸರಿನಲ್ಲಿ ಇಟ್ಟರೂ ಬೆನ್ನಿನ ಭಾಗ ಮೇಲಿರುತ್ತದೆ. ಮುಂಬೈ ಲೋಕಲ್‌ನಲ್ಲಿ ಹೋಗುವವರಿಗೂ ಇದೇ ಒಳ್ಳೆಯದು, ಬ್ಯಾಗನ್ನು ಎದೆಗೆ ಹಾಕಿಕೊಂಡಾಗ ಚೈನ್ ನಿಮ್ಮ ಕಡೆಗೇ ಇರುತ್ತದೆ. ಸೊಂಟದ ಪಟ್ಟಿ ಅಗಲವಾಗಿ, ಮೆತ್ತಗೆ ಇರಲಿ. ಸುಮ್ನೆ ಲಾಡಿಯಂಥ ಪಟ್ಟಿ ಇದ್ದರೆ ಭಾರವೆಲ್ಲ ಹೆಗಲಿಗೇ ಬೀಳುತ್ತದೆ. ಹಳೆಯ ಬ್ಯಾಗಿನಲ್ಲಿ ಒಂದು ತಾಸಿಗೇ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು.

ಇನ್ನೂ ಒಂದು ಮಾತು. ಜಾಗ ಸ್ವಲ್ಪವೇ ಕಡಿಮೆ ಬಿದ್ದರೆ ಟ್ರೈಪಾಡ್ ಕಾಲರ್ (ಫುಟ್ಟನ್ನು ಹಿಡಿದಿರುವ, ಲೆನ್ಸಿನ ಸುತ್ತಲಿನ ಬಳೆ) ಸಡಿಲಿಸಿ ಫುಟ್ಟನ್ನು ಪಕ್ಕಕ್ಕೆ ತಿರುಗಿಸಿ ಇಡಬಹುದು, ಎರಡು ಮೂರು ಸೆಂ.ಮೀ ದಪ್ಪ ಉಳಿಯುತ್ತದೆ. ತಿರುಗಿಸಿದ ಮೇಲೆ ಮತ್ತೆ ಬಿಗಿ ಮಾಡಲು ಮರೆಯಬೇಡಿ. ಉದ್ದ ಕಡಿಮೆ ಬಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ. ವಿಮಾನದಲ್ಲಿ ಒಯ್ಯುವವರು ಬ್ಯಾಗಿನ ಸ್ವಂತ ತೂಕವನ್ನೂ ಕೇಳಿ. ಇಂಡಿಗೋದಲ್ಲಿ ಕೈ ಸಾಮಾನಿಗೆ 7 ಕೆಜಿ ಮಿತಿ, ಖಾಲಿ ಬ್ಯಾಗೇ ಎರಡೂವರೆ ಕೆಜಿ ಇದ್ದರೆ ಲೆನ್ಸು ಕ್ಯಾಮೆರಾ ಹಾಕಿದ ಮೇಲೆ ಉಳಿಯುವುದು ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ‘ವಾಟರ್‌ಪ್ರೂಫ್’ ಅನ್ನುವುದನ್ನೂ ಹಾಗೇ ಬಿಡಬೇಡಿ, ನನ್ನ ಹಳೆಯ ಬ್ಯಾಗಿನ ಹೊಲಿಗೆಯಿಂದ ಒಂದೇ ಮಳೆಗೆ ನೀರು ಇಳಿದಿತ್ತು. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಇಟ್ಟು ಕಪಾಟಿಗೆ ಸೇರಿಸಲೇಬೇಡಿ. ಫೋಮು ತೇವ ಹಿಡಿದಿಟ್ಟುಕೊಳ್ಳುತ್ತದೆ, ಗಾಜಿನ ಮೇಲೆ ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲವೇ ತೇವ ತೆಗೆಯುವ ಕಪಾಟಿನಲ್ಲಿ, ಡ್ರೈ ಕ್ಯಾಬಿನೆಟ್‌ನಲ್ಲಿ, ಇಡಿ.

ಆ ರಟ್ಟಿನ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ. ಪುಣೆಯಲ್ಲಿರುವವರು, 200-600 ಅಥವಾ 180-600 ಇಟ್ಟುಕೊಂಡು ಬ್ಯಾಗ್ ನೋಡಲು ಹೊರಟಿದ್ದರೆ, ಕೇಳಿ. ಕೊಡುತ್ತೇನೆ. ಅಕ್ಕಿ ಮಾತ್ರ ನೀವೇ ಹಾಕಿಕೊಳ್ಳಬೇಕು.